ಬಂಡೆ ತಬ್ಬಿಕೊಳ್ಳುವ ಪಾಠ

ಕಯಾಕ್ ಓಡಿಸುವುದನ್ನು ಕಲಿಸಲು ಹೊಸದಾಗಿ ಸೇರಿಕೊಂಡ ಹುಡುಗ ಹುಡುಗಿಯರು ಈಗಲೂ ಗಂಗಾನಗರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿಯುವುದಕ್ಕೂ ಮುಂಚೆ ಅವರು ಕೇಳುವುದು ಒಂದೇ. "ಮೇಡಂ, ಯಾವ ಬೋಟ್ ತಗೊಂಡ್ರೆ ಒಳ್ಳೇದು?" ನನಗೆ ರೇಗಿಹೋಗುತ್ತದೆ. ಬೋಟಿನ ವಿಷಯ ಇರಲಿ, ಒಂದು ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ನದಿ ನೋಡುತ್ತಾ ಕೂತಿದ್ದೀರಾ ಎಂದು ಕೇಳುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ನಾನು ಆರ್.ಟಿ. ನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಟೀಚರ್ ಆಗಿದ್ದವಳು. ಥ್ರೋಬಾಲ್, ಖೋಖೋ, ಆಗಸ್ಟ್ ಹದಿನೈದಕ್ಕೆ ಕವಾಯತು, ಇಷ್ಟೇ ನನ್ನ ಪ್ರಪಂಚ. ಕೊರಳಲ್ಲಿ ಸೀಟಿ, ಕೈಯಲ್ಲಿ ಹಾಜರಾತಿ. 2008ರಲ್ಲಿ ಒಂದು ದಿನ ಪ್ರಿನ್ಸಿಪಾಲರು ಕರೆಸಿದರು.

"ಸರೋಜಾ, ನಿಮಗೆ ಈಜು ಬರುತ್ತಲ್ವಾ?"

"ಬರುತ್ತೆ ಸರ್."

"ಹಂಗಾದ್ರೆ ನೀವೇ ಹೊರಡಿ."

ರಾಜ್ಯದ ಹುಡುಗಿಯರ ತಂಡವೊಂದು ಕಾಳಿ ನದಿಯಲ್ಲಿ ಕಯಾಕ್ ಪಂದ್ಯಕ್ಕೆ ಹೋಗುವುದಿತ್ತು. ಜೊತೆಗೆ ಒಬ್ಬ ಮಹಿಳಾ ಮ್ಯಾನೇಜರ್ ಇರಲೇಬೇಕು ಎಂಬುದು ನಿಯಮ. ಈಜು ಬರುವ ಹೆಂಗಸು ಎಂಬುದೇ ನನ್ನ ಅರ್ಹತೆ. ಕಯಾಕ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವ ಒಬ್ಬರ ದೋಣಿ ಅದು ಎಂದು ಬಸ್ಸಿನಲ್ಲಿ ಹುಡುಗಿಯರೇ ನನಗೆ ಪಾಠ ಹೇಳಿದರು. ಮಂಡಿಯೂರಿ ಕೂತು ಒಂದೇ ಅಲಗಿನ ಹುಟ್ಟು ಹಾಕಿದರೆ ಅದು ಕನೂ ಅಂತೆ. ನಾನು ತಲೆಯಾಡಿಸಿದೆ.

ಬೆಳಿಗ್ಗೆ ನದಿಯ ದಂಡೆಗೆ ಹೋದಾಗ ನನಗೆ ನಿರಾಸೆಯೇ ಆಯಿತು. ಎಲ್ಲಿ ನೋಡಿದರೂ ಬಂಡೆ, ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಂಡ. ಎಮ್ಮೆ ಮೈ ತೊಳೆಯಲು ಸಾಕು, ಅಷ್ಟೇ. ತಂಡದ ಕೋಚ್ ಅಪ್ಪಯ್ಯ ಸರ್ ಒಂದು ಕಲ್ಲಿನ ಮೇಲೆ ಕೂತಿದ್ದರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು. ಮಾತಾಡಿದರೆ ತೆರಿಗೆ ಬೀಳುತ್ತದೆ ಎನ್ನುವ ಹಾಗೆ ಇದ್ದರು.

"ಸರ್, ಇದರಲ್ಲಿ ಪಂದ್ಯ ಹೇಗೆ ಮಾಡ್ತಾರೆ?" ಎಂದೆ.

"ಕೂತ್ಕೊಳ್ಳಿ ಮೇಡಂ. ಈಗ ಬರುತ್ತೆ."

"ಏನು?"

"ನದಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಮೇಲುಗಡೆ ಎಲ್ಲೋ ಸೈರನ್ ಕೂಗಿತು. ಅಣೆಕಟ್ಟಿನಲ್ಲಿ ವಿದ್ಯುತ್ ತಯಾರಿಸುವಾಗ ನೀರು ಕೆಳಕ್ಕೆ ಬಿಡುತ್ತಾರೆ, ಅದೇ ಪಂದ್ಯದ ನೀರು ಎಂದು ಆಮೇಲೆ ತಿಳಿಯಿತು. ಮೊದಲು ಬಂದದ್ದು ತಣ್ಣಗಿನ ವಾಸನೆ. ಆಮೇಲೆ ಚಪ್ಪಲಿಯ ಕೆಳಗೆ ನೆಲ ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ ನೀರು. ಸಿನಿಮಾದಲ್ಲಿ ತೋರಿಸುವ ಹಾಗೆ ಗೋಡೆಯಂತೆ ಬರಲಿಲ್ಲ. ಕಲ್ಲುಗಳ ಸಂದಿಯಲ್ಲಿ ಕೈ ತೂರಿಸಿ ತೂರಿಸಿ, ಪ್ರತಿ ಹೊಂಡವನ್ನೂ ವಿಚಾರಿಸಿಕೊಂಡು ಬಂತು. ನನ್ನ ಕೈಯಲ್ಲಿದ್ದ ಟೀ ಆರುವುದರೊಳಗೆ ನಾನು ಎಮ್ಮೆ ಹೊಂಡ ಎಂದುಕೊಂಡಿದ್ದ ಜಾಗ ಬೆಳ್ಳಗೆ ಕುದಿಯುತ್ತಿತ್ತು. ದೇವಸ್ಥಾನದಲ್ಲಿ ನಿಂತರೂ ಗಡಿಯಾರ ನೋಡುವವಳು ನಾನು. ಅವತ್ತು ನನಗೆ ಗೊತ್ತಿಲ್ಲದೆ ಎದ್ದು ನಿಂತು ಕೈ ಮುಗಿದಿದ್ದೆ. ಅಪ್ಪಯ್ಯ ಸರ್ ನೋಡಿದರು, ನಗಲಿಲ್ಲ.

ಆ ನೀರಿಗೆ ನಮ್ಮ ಹುಡುಗಿಯರು ಇಳಿದರು. ನದಿಗೆ ಅಡ್ಡಲಾಗಿ ತಂತಿ ಕಟ್ಟಿ ಜೋಡಿ ಜೋಡಿ ಕಂಬ ಇಳಿಬಿಟ್ಟಿರುತ್ತಾರೆ, ಒಂದೊಂದು ಜೋಡಿಯೂ ಒಂದು ಗೇಟು. ಹಸಿರು ಗೇಟನ್ನು ನೀರು ಹರಿಯುವ ಕಡೆಗೇ ದಾಟಬೇಕು. ಕೆಂಪು ಗೇಟು ಬಂದರೆ ತಿರುಗಿ, ನೀರಿಗೆ ಎದುರಾಗಿ ಮೇಲೇರಿ ದಾಟಬೇಕು. ಕಂಬ ಮುಟ್ಟಿದರೆ ಸಣ್ಣ ದಂಡ, ಗೇಟು ತಪ್ಪಿದರೆ ದೊಡ್ಡ ದಂಡ, ದಂಡವೆಲ್ಲ ಓಟದ ಸಮಯಕ್ಕೆ ಸೇರುತ್ತದೆ. ಅಂಥ ನೀರಿನಲ್ಲಿ ಎದುರಾಗಿ ಏರುವುದಾದರೂ ಹೇಗೆ ಎಂದು ಕೇಳಿದೆ. ಅಪ್ಪಯ್ಯ ಸರ್ ಒಂದು ಬಂಡೆಯ ಹಿಂಭಾಗ ತೋರಿಸಿದರು. ಅಲ್ಲಿ ನೀರು ಹಿಂದಕ್ಕೆ ತಿರುಗಿ ಮೇಲ್ಮುಖವಾಗಿ ಹರಿಯುತ್ತಿತ್ತು. ಅದರೊಳಗೆ ಒಬ್ಬ ಹುಡುಗಿ ಜಾರಿಕೊಂಡು, ಉಸಿರು ತೆಗೆದುಕೊಂಡು, ಗೇಟು ಏರಿ ಹೋದಳು. "ಹೊಡೆಯೋದು ನದಿ, ಕಾಯೋದು ಬಂಡೆ," ಎಂದರು. ಆ ದಿನ ಅವರು ಆಡಿದ ಅತಿ ಉದ್ದದ ಮಾತು ಅದು. ನಾನು ಆ ಕೆಲಸಕ್ಕೆ ಸಿಕ್ಕಿಬಿದ್ದದ್ದು ಆಗಲೇ.

ಬೆಂಗಳೂರಿಗೆ ವಾಪಸು ಬಂದು ಕಾಲೇಜಿನ ಹುಡುಗಿಯರನ್ನು ಸೇರಿಸಿ ತರಬೇತಿ ಶುರು ಮಾಡಿದೆ. ನದಿಯಿಲ್ಲದ ಊರಿನಲ್ಲಿ ನದಿಯ ಆಟ. ಯಲಹಂಕದ ಕಡೆ ಒಂದು ಕೆರೆಯಲ್ಲಿ ಭಾನುವಾರ ಜಾಗ ಸಿಕ್ಕಿತು. ಮೊದಲ ತಿಂಗಳು ದೋಣಿ ನಡೆಸಿದ್ದಕ್ಕಿಂತ ಅಂತರಗಂಗೆ ಕಿತ್ತದ್ದೇ ಹೆಚ್ಚು. ಪಿವಿಸಿ ಪೈಪಿಗೆ ಬಣ್ಣ ಬಳಿದು ಕಂಬ ಮಾಡಿದೆವು. ತಲೆಕೆಳಗಾದ ದೋಣಿಯನ್ನು ಸೊಂಟ ತಿರುಗಿಸಿ ಮತ್ತೆ ಮೇಲಕ್ಕೆ ಹೊರಳಿಸುವುದನ್ನು ಗಂಗಾನಗರದ ಒಂದು ಈಜುಕೊಳದಲ್ಲಿ ಅಪ್ಪಯ್ಯ ಸರ್ ಬಂದು ಕಲಿಸಿಕೊಟ್ಟರು. ಟೆಂಪೋ ಮೇಲೆ ದೋಣಿ ಕಟ್ಟಿಕೊಂಡು ಯಲಹಂಕಕ್ಕೆ ಹೊರಟಾಗ ಪ್ರತಿ ಸಲ ಪೊಲೀಸರು ಕೈ ಅಡ್ಡ ಹಾಕುತ್ತಿದ್ದರು.

"ಏನಮ್ಮಾ ಇದು, ಬಾಂಬ್ ಥರ ಇದೆ?"

"ದೋಣಿ ಸರ್."

"ದೋಣೀನಾ? ಇಲ್ಲಿ ಎಲ್ಲಮ್ಮಾ ಬಿಡ್ತೀರಾ, ಅಂಡರ್‌ಪಾಸಲ್ಲಾ?"

"ಮಳೆ ಬರ್ಲಿ ಸರ್, ಅಲ್ಲೇ ಬಿಡ್ತೀವಿ," ಎನ್ನುತ್ತಿದ್ದೆ. ನಕ್ಕು ಬಿಟ್ಟುಬಿಡುತ್ತಿದ್ದರು.

ಈಗ ನಮ್ಮ ದೊಡ್ಡ ಎಡವಟ್ಟು. ಕೆರೆಯ ನೀರು ನಿಂತ ನೀರು, ಅದಕ್ಕೆ ಮೇಲು ಕೆಳಗು ಎಂಬುದೇ ಇಲ್ಲ. ಕೆಂಪು ಗೇಟಿಗೆ ಯಾವ ಕಡೆ ತಿರುಗಬೇಕು ಎಂದು ಹುಡುಗಿಯರು ಕೇಳಿದಾಗ ನಾನು ಸುಲಭ ಮಾಡಿಕೊಟ್ಟೆ. ಕೆರೆಯ ಏರಿಯ ಆಚೆ ಒಂದು ದೊಡ್ಡ ನೀರಿನ ಟ್ಯಾಂಕ್ ಇತ್ತು. "ಕೆಂಪು ಬಂದ್ರೆ ಟ್ಯಾಂಕ್ ಕಡೆ ಮುಖ ಮಾಡಿ" ಎಂದೆ. ಟ್ಯಾಂಕೇ ನಮ್ಮ ನದಿಯ ಉಗಮಸ್ಥಾನವಾಯಿತು. ವರ್ಷವಿಡೀ ಹಾಗೇ ಅಭ್ಯಾಸ. ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಿದ್ದರು, ನನಗೋ ಹೆಮ್ಮೆ ಹಿಡಿಸಲಾರದಷ್ಟು. ಅದೇ ತಂಡವನ್ನು ಕಾಳಿಗೆ ಇಳಿಸಿದೆ. ಮೊದಲ ಹುಡುಗಿ ಕೆಂಪು ಗೇಟಿನ ಹತ್ತಿರ ಬಂದಳು, ಆ ಕಡೆ ನೋಡಿದಳು, ಈ ಕಡೆ ನೋಡಿದಳು, ನೀರಿನ ಮೊರೆತವನ್ನೂ ಮೀರಿ ಕಿರುಚಿದಳು.

"ಮೇಡಂ, ಟ್ಯಾಂಕ್ ಎಲ್ಲೀ?"

ಅಷ್ಟರಲ್ಲಿ ನದಿ ಅವಳನ್ನು ಮುಂದಿನ ಮೂರು ಗೇಟು ತಪ್ಪಿಸಿ ಕೆಳಕ್ಕೆ ಒಯ್ದಿತ್ತು. ದಂಡೆಯ ಮೇಲಿದ್ದ ಬೇರೆ ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಷ್ಟೋ ವರ್ಷ ನನ್ನನ್ನು ಅಲ್ಲಿ ಟ್ಯಾಂಕ್ ಮೇಡಂ ಎಂದೇ ಕರೆಯುತ್ತಿದ್ದರು. ಹೊಸಬರೇ, ಇದನ್ನು ಮರೆಯಬೇಡಿ. ದಿಕ್ಕನ್ನು ನೀರಿನಿಂದಲೇ ಕಲಿಸಿ, ಕಟ್ಟಡದಿಂದ ಬೇಡ.

ಮಂಜುಳಾ ಬಂದದ್ದು ಅದಾದ ಮೇಲೆ, 2012ರ ಸುಮಾರಿಗೆ. ಬಾಗಲಗುಂಟೆಯ ಹುಡುಗಿ. ಅವರದು ಊರಿನ ಹಳೆಯ ಮನೆತನ, ಒಂದು ಕಾಲದಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗಳು. ಆ ಕೆರೆ ಬಡಾವಣೆಯಾಗಿ, ಹೊಲದಲ್ಲಿ ಬಾಡಿಗೆ ಮನೆಗಳೆದ್ದಿದ್ದವು. ನದಿಗೆ ಕಳಿಸಿ ಎಂದು ಕೇಳಲು ಹೋದಾಗ ಅವಳ ಅಪ್ಪ ತಿಮ್ಮರಾಯಪ್ಪ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಬೇಡ ಎನ್ನುತ್ತಾರೆಂದು ನಾನು ದೊಡ್ಡ ಭಾಷಣ ತಯಾರಿಸಿಕೊಂಡಿದ್ದೆ.

"ಮೇಡಮ್ಮೋರೆ, ನಮ್ ತಾತ ಅರ್ಧ ಆಯಸ್ಸು ನೀರೊಳಗೇ ಇದ್ದೋರು," ಎಂದರು. "ಅವ್ರ ಮನೆ ಉಡ್ಗಿ ನೀರಿಗ್ ಎದ್ರಿದ್ರೆ ಇಂಗೆ ತಲೆ ಎತ್ಕೊಂಡ್ ತಿರ್ಗಕ್ಕಾಯ್ತದಾ? ಕರ್ಕೊಂಡೋಗಿ."

ನನ್ನ ಭಾಷಣ ಹೊಟ್ಟೆಯಲ್ಲೇ ಉಳಿಯಿತು.

ಮಂಜುಳಾ ದೋಣಿ ಹತ್ತುವ ಮುಂಚೆ ಒಂದು ಬೊಗಸೆ ನೀರು ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಮನೆಯಲ್ಲಿ ಕಲಿತದ್ದು. ಈಜುಕೊಳದ ಕ್ಲೋರಿನ್ ನೀರನ್ನೂ ಒತ್ತಿಕೊಂಡು ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದಳು. "ಅದು ಗಂಗಮ್ಮ ಅಲ್ಲ ಕಣೇ, ಬ್ಲೀಚಿಂಗ್ ಪೌಡರ್" ಎಂದು ರೇಗಿಸಿದರೆ, "ಎಲ್ಲಿದ್ರೂ ಅವಳೇ ಮೇಡಂ" ಎನ್ನುತ್ತಿದ್ದಳು. ಅಂಥ ತೋಳು, ಅಂಥ ಕಣ್ಣು ನಾನು ಮತ್ತೆ ಕಾಣಲಿಲ್ಲ. ಮೊದಲ ವರ್ಷವೇ ರಾಜ್ಯದ ತಂಡಕ್ಕೆ ಆಯ್ಕೆಯಾದಳು.

ಎರಡನೆಯ ವರ್ಷ ಅವಳಿಗೆ ಆ ಬಂಡೆ ಎದುರಾಯಿತು. ಪಂದ್ಯದ ಹಾದಿಯ ನಡುವೆ ಎಡದಂಡೆಯ ಹತ್ತಿರ ಆನೆಯ ಬೆನ್ನಿನ ಹಾಗೆ ಒಂದು ಬಂಡೆ. ಅದರ ಮಗ್ಗುಲಲ್ಲೇ ಒಂದು ಕೆಂಪು ಗೇಟು. ನೀರು ನಿಮ್ಮನ್ನು ಬಂಡೆಯ ಮೇಲೆ ತಳ್ಳಿದಾಗ ಮಾಡಬೇಕಾದ್ದು ಒಂದೇ, ಬಂಡೆಯ ಕಡೆಗೇ ವಾಲಿ ಅದನ್ನು ತಬ್ಬಿಕೊಳ್ಳುವುದು. ಆಗ ನೀರು ದೋಣಿಯ ಕೆಳಗೆ ಹಾದುಹೋಗುತ್ತದೆ. ಹೆದರಿ ಹಿಂದಕ್ಕೆ ವಾಲಿದಿರೋ, ದೋಣಿಯ ಅಂಚು ನೀರಿಗೆ ಸಿಕ್ಕಿ ನದಿ ಮಗುಚಿ ಹಾಕುತ್ತದೆ. ಹೇಳುವುದು ಸುಲಭ. ಹೊಡೆಯಲು ಬರುತ್ತಿರುವುದನ್ನು ಅಪ್ಪಿಕೋ ಎಂದರೆ ಯಾವ ಮೈ ಕೇಳುತ್ತದೆ? ಮಂಜುಳಾ ಹಿಂದಕ್ಕೆ ವಾಲಿದಳು. ದೋಣಿ ಮಗುಚಿ ಬಂಡೆಗೆ ಅಂಟಿಕೊಂಡಿತು. ಅವಳು ಒಳಗಿನಿಂದ ಬಿಡಿಸಿಕೊಂಡು ಹೊರಬಂದಳು, ಅಪ್ಪಯ್ಯ ಸರ್ ಎಸೆದ ಹಗ್ಗ ಹಿಡಿದು ದಂಡೆ ಸೇರಿದಳು. ಒಂದು ಗೀರೂ ಆಗಿರಲಿಲ್ಲ.

ಮರುವರ್ಷ ಅವಳು ಹೊರಡುವ ಜಾಗದವರೆಗೆ ಬಂದಳು, ದೋಣಿಯಲ್ಲಿ ಕೂತಳು, ಹೆಸರು ಕರೆದಾಗ ಇಳಿದುಬಿಟ್ಟಳು. "ಆಗಲ್ಲ ಮೇಡಂ," ಎಂದಷ್ಟೇ ಹೇಳಿದಳು. ಆಯ್ಕೆ ಸಮಿತಿಯವರು ನನ್ನನ್ನು ಕರೆದು ಸ್ಪಷ್ಟವಾಗಿ ಹೇಳಿದರು, ಇನ್ನೊಂದು ಸಲ ಹೊರಡದೆ ನಿಂತರೆ ಅವಳ ಜಾಗ ಬೇರೆಯವರಿಗೆ. ತಪ್ಪೇನೂ ಅಲ್ಲ, ಕಾಯುತ್ತಿದ್ದವರು ಎಷ್ಟೋ ಮಂದಿ. ನಾನು ಕಂಗಾಲಾಗಿ ಅಪ್ಪಯ್ಯ ಸರ್ ಹತ್ತಿರ ಹೋದೆ.

"ಬಿಡಿ ಮೇಡಂ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಎಂದರು.

"ಬರದೇ ಇದ್ರೆ?"

"ಆಗ ನೋಡೋಣ. ಈಗ ಗೋಡೆ ಇದೆಯಲ್ಲಾ."

ಗೋಡೆ ಎಂದರೆ ಈಜುಕೊಳದ ಗೋಡೆ. ಮಂಜುಳಾ ದೋಣಿಯಲ್ಲಿ ಕೂರಬೇಕು, ಉಳಿದ ಹುಡುಗಿಯರು ಅವಳನ್ನು ಅಡ್ಡಡ್ಡಲಾಗಿ ಗೋಡೆಗೆ ನೂಕಬೇಕು, ಅವಳು ಗೋಡೆಯನ್ನು ತಬ್ಬಬೇಕು. ಇಡೀ ಚಳಿಗಾಲ ಅದೇ ಪಾಠ. ಈಜಲು ಬಂದ ಹೆಂಗಸರು ನಮ್ಮನ್ನು ಹುಚ್ಚರೆಂದು ತಿಳಿದು ಬೇರೆ ಮೂಲೆಗೆ ಹೋಗುತ್ತಿದ್ದರು. ಮಂಜುಳಾ ಗೋಡೆಯನ್ನು ಚೆನ್ನಾಗಿಯೇ ತಬ್ಬುತ್ತಿದ್ದಳು. "ಗೋಡೆಗೆ ಯಾರ್ ಮೇಡಂ ಹೆದರ್ತಾರೆ?" ಎಂದು ಒಮ್ಮೆ ಕೇಳಿದಳು.

ಮತ್ತೆ ಕಾಳಿ. ಅವಳ ಕೊನೆಯ ಅವಕಾಶ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಈ ಆಟದಲ್ಲಿ ಒಂದು ಪದ್ಧತಿಯಿದೆ. ಗೇಟು ಕಟ್ಟಿದ ಮೇಲೆ ಸ್ಪರ್ಧಿಗಳು ಆ ಹಾದಿಯಲ್ಲಿ ಅಭ್ಯಾಸ ಮಾಡುವಂತಿಲ್ಲ. ದಂಡೆಯ ಮೇಲೆ ನಡೆದು ನೋಡಿಕೊಳ್ಳಬೇಕು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ನಿಂತು, ಬರಿಗೈಯಲ್ಲಿ ಗಾಳಿಯಲ್ಲೇ ಹುಟ್ಟು ಹಾಕುತ್ತಾ, ಸೊಂಟ ಬಳುಕಿಸುತ್ತಾ ಇಡೀ ನದಿಯನ್ನು ಮನಸ್ಸಿನಲ್ಲೇ ಇಳಿಯುತ್ತಾರೆ. ಇಪ್ಪತ್ತು ಮೂವತ್ತು ಮಂದಿ ಸಾಲಾಗಿ ಹಾಗೆ ತೂಗುತ್ತಿದ್ದರೆ ನೋಡಿದವರಿಗೆ ಮೈ ಜುಂ ಎನ್ನುತ್ತದೆ. ಚುರುಮುರಿ ಮಾರುತ್ತಿದ್ದ ಹೆಂಗಸೊಬ್ಬಳು ನನ್ನ ಸೆರಗು ಜಗ್ಗಿದಳು.

"ಏನ್ರೀ ಬಾಯಾರ, ಎಲ್ಲಾರ ಮೈಯಾಗೂ ದೇವ್ರು ಬಂದಾನೇನ್ರೀ?"

"ಹೌದಮ್ಮ," ಎಂದೆ. ಸುಳ್ಳು ಹೇಳಿದೆ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ನಾನು ಮಂಜುಳಾಳ ಕೈಗಳನ್ನೇ ನೋಡುತ್ತಿದ್ದೆ. ಮೊದಲ ಗೇಟು, ಎರಡನೆಯದು, ಎಡಕ್ಕೆ, ಮತ್ತೆ ಎಡಕ್ಕೆ. ಬಂಡೆಯ ಹತ್ತಿರ ಬಂದಾಗ ಕೈ ನಿಂತುಬಿಟ್ಟವು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತವು. ಓಡಿಹೋಗಿ ಏನಾದರೂ ಹೇಳಬೇಕೆಂದು ಹೊರಟೆ. ಅಪ್ಪಯ್ಯ ಸರ್ ಅಡ್ಡ ಬಂದರು. "ನಿಮ್ಮ ಜಾಗಕ್ಕೆ ಹೋಗಿ ಮೇಡಂ," ಎಂದರು.

ನನ್ನ ಜಾಗ ಯಾವುದು ಗೊತ್ತೇ? ಅವತ್ತು ಗೇಟು ತೀರ್ಪುಗಾರರು ಸಾಲದೆ ತಂಡದ ಮ್ಯಾನೇಜರ್‌ಗಳನ್ನೇ ನಿಲ್ಲಿಸಿದ್ದರು. ಚೀಟಿ ಎತ್ತಿದಾಗ ನನಗೆ ಬಂದದ್ದು ಆ ಬಂಡೆಯ ಗೇಟು. ಬದಲಿಸಿಕೊಡಿ ಎಂದು ಕೇಳಿದರೆ ಬೇರೆ ಯಾರೂ ಇಲ್ಲ ಎಂದರು. ತೀರ್ಪುಗಾರರು ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ನೋಡಿ ಫಲಕ ಎತ್ತಬೇಕು, ಅಷ್ಟೆ. ಸೀಟಿಯನ್ನು ಕೊರಳಿನಿಂದ ತೆಗೆದು ಚೀಲಕ್ಕೆ ಹಾಕಿದೆ. ಎಲ್ಲಿ ಊದಿಬಿಡುತ್ತೇನೋ ಎಂಬ ಭಯ.

ಸೈರನ್ ಕೂಗಿತು, ನದಿ ಬಂತು. ಎಷ್ಟು ಸಲ ನೋಡಿದರೂ ನನಗೆ ಅದು ಮೊದಲ ಸಲವೇ. ಬಂಡೆಯ ಬೆನ್ನು ಮಾತ್ರ ನೀರಿನ ಮೇಲೆ ಒಣಗಿಕೊಂಡು ಉಳಿಯಿತು. ಒಬ್ಬೊಬ್ಬರಾಗಿ ಬಂದು ದಾಟಿಹೋದರು. ಮೇಲೆ ಮಂಜುಳಾಳ ಹೆಸರು ಕರೆದದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಈ ಸಲವೂ ದೋಣಿಯಿಂದ ಇಳಿದುಬಿಟ್ಟಳು ಎಂದುಕೊಂಡೆ. ಆಗ ತಿರುವಿನಲ್ಲಿ ಅವಳ ಹಳದಿ ದೋಣಿಯ ಮೂತಿ ಕಾಣಿಸಿತು.

ಎಷ್ಟು ಚೆಂದ ಬಂದಳು! ನೀರಿನ ಜೊತೆ ಜಗಳವೇ ಇಲ್ಲ. ಆದರೆ ಕೆಂಪು ಗೇಟಿಗೆ ತಿರುಗುವಾಗ ಒಂದು ಅಲೆ ಎತ್ತಿ ಅವಳನ್ನು ಅಡ್ಡಡ್ಡಲಾಗಿ ನೇರ ಬಂಡೆಯ ಮೇಲೆ ಒಗೆಯಿತು. ಅದೇ ಜಾಗ. ನಾನು ತುಟಿ ಕಚ್ಚಿದೆ, ಬಾಯಲ್ಲಿ ರಕ್ತದ ರುಚಿ ಬಂತು. ಮಂಜುಳಾ ಎರಡೂ ತೋಳು ಚಾಚಿ ಬಂಡೆಯ ಮೇಲೆ ಬಿದ್ದಳು. ತಬ್ಬಿಕೊಂಡಳು. ಕೆನ್ನೆಯನ್ನು ಕಲ್ಲಿಗೆ ಒತ್ತಿ, ಕಣ್ಣು ಮುಚ್ಚಿ, ತಾಯಿಯ ತೊಡೆಯ ಮೇಲೆ ಮಲಗಿದ ಹಾಗೆ ಇದ್ದುಬಿಟ್ಟಳು. ಇಡೀ ಕಾಳಿ ನದಿ ಅವಳ ದೋಣಿಯ ಕೆಳಗೆ ಹಾದು ಹೋಗುತ್ತಿತ್ತು. ಅವಳಿಗೆ ಅವಸರವೇ ಇರಲಿಲ್ಲ. ಆಮೇಲೆ ಮೆಲ್ಲಗೆ ಕಲ್ಲನ್ನು ಎರಡು ಸಲ ತಟ್ಟಿ, ಕೈ ಊರಿ ದೋಣಿ ಬಿಡಿಸಿಕೊಂಡು ಕೆಳಕ್ಕೆ ಹೊರಟಳು. ಗೇಟು ತಪ್ಪಿಹೋಗಿತ್ತು.

ನಾನು ದೊಡ್ಡ ದಂಡದ ಫಲಕ ಎತ್ತಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ನೆಟ್ಟಗೆ ಇತ್ತು. ಹನ್ನೊಂದು ವರ್ಷದ ಈ ಕೆಲಸದಲ್ಲಿ ಅಷ್ಟು ಸಂತೋಷದಿಂದ ನಾನು ಯಾರಿಗೂ ದಂಡ ಹಾಕಿಲ್ಲ.

ಅವಳು ಅವತ್ತು ಹೆಚ್ಚು ಕಡಿಮೆ ಕೊನೆಯಲ್ಲೇ ಇದ್ದಳು. ಆದರೆ ಹೊರಟಿದ್ದಳು, ಮುಗಿಸಿದ್ದಳು, ತಂಡದಲ್ಲಿ ಉಳಿದಳು. ಕೆಳಗಿನ ಮಡುವಿಗೆ ಓಡಿಹೋದಾಗ ಒದ್ದೆ ಕೂದಲು ಹಿಂಡಿಕೊಳ್ಳುತ್ತಾ ನಿಂತಿದ್ದಳು. ನಾನು ಏನೇನೋ ಹೇಳಬೇಕೆಂದುಕೊಂಡಿದ್ದೆ. ಅವಳೇ ಮೊದಲು ಹೇಳಿದಳು.

"ಮೇಡಂ, ಬಂಡೆ ಬೆಚ್ಚಗಿತ್ತು."

"ಏನೇ?"

"ಬೆಳಿಗ್ಗೆಯಿಂದ ಬಿಸಿಲಲ್ಲಿ ಇತ್ತಲ್ಲಾ. ಬೆಚ್ಚಗಿತ್ತು ಮೇಡಂ. ನನಗೆ ಗೊತ್ತೇ ಇರ್ಲಿಲ್ಲ."

ಅಪ್ಪಯ್ಯ ಸರ್ ಪಕ್ಕದಲ್ಲೇ ನಿಂತಿದ್ದರು. ಟೋಪಿ ತೆಗೆದು, ಒಮ್ಮೆ ನದಿಯ ಕಡೆ ನೋಡಿ, ಮತ್ತೆ ಹಾಕಿಕೊಂಡರು.

ಆಮೇಲಿನ ವರ್ಷಗಳಲ್ಲಿ ಮಂಜುಳಾ ಗೆದ್ದದ್ದೂ ಉಂಟು, ಸೋತದ್ದೂ ಉಂಟು, ಅದನ್ನೆಲ್ಲ ಬರೆಯುವುದಿಲ್ಲ. ನಾನು ಬರೆಯಬೇಕಾದ್ದು 2019ರ ನನ್ನ ಕೊನೆಯ ಪ್ರವಾಸ. ಅಪ್ಪಯ್ಯ ಸರ್ ಅಷ್ಟು ಹೊತ್ತಿಗೆ ಊರು ಸೇರಿದ್ದರು, ಮಂಜುಳಾಳೇ ಕೋಚ್. ಅವಳು ತಂದ ಹೊಸ ಕ್ರಮವೊಂದಿತ್ತು. ನಮ್ಮ ಕಾಲದಲ್ಲಿ ನೀರು ಯಾವಾಗ ಬರುತ್ತದೆ ಎಂಬ ಖಾತ್ರಿ ಇರಲಿಲ್ಲ, ಆದ್ದರಿಂದ ಒಣಗಿದ ನದಿಪಾತ್ರಕ್ಕೆ ಯಾರೂ ಇಳಿಯಬಾರದು ಎಂದು ಅಪ್ಪಯ್ಯ ಸರ್ ಕಟ್ಟಪ್ಪಣೆ ಮಾಡಿದ್ದರು. ಈಗ ಅಣೆಕಟ್ಟಿನವರ ಜೊತೆ ಫೋನಿನಲ್ಲಿ ಮಾತಾಡಿ, ನೀರು ಬಿಡುವ ಹೊತ್ತು ಖಚಿತ ಮಾಡಿಕೊಂಡು, ಅನುಮತಿ ಪಡೆದು, ಅವಳು ಹೊಸ ಹುಡುಗಿಯರನ್ನು ದಂಡೆಯ ಹತ್ತಿರದ ಆ ಬಂಡೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದಳು.

"ಬನ್ರೇ, ಪರಿಚಯ ಮಾಡ್ಕೊಳ್ಳಿ," ಎಂದಳು. ಒಬ್ಬೊಬ್ಬಳೂ ಬಂಡೆಯನ್ನು ತಬ್ಬಿ ಕೆನ್ನೆ ಇಟ್ಟಳು. ಕಿಸಿಕಿಸಿ ನಗು. ಈಜುಕೊಳದ ಗೋಡೆಗೆ ನೂಕಿಸಿ ನೂಕಿಸಿ ನಾನು ಒಂದು ಚಳಿಗಾಲವಿಡೀ ಕಲಿಸಲಾಗದ್ದನ್ನು ಅವಳು ಹೀಗೆ ಕಲಿಸುತ್ತಿದ್ದಳು. ಒಬ್ಬ ಹುಡುಗಿ ದಂಡೆಯ ಮೇಲಿದ್ದ ನನ್ನ ಕಡೆ ತಿರುಗಿದಳು.

"ಮೇಡಂ, ನಿಮಗೂ ಮೊದಲು ಭಯ ಆಗಿತ್ತಾ?"

"ಅವರನ್ನ ಕೇಳ್ಬೇಡ ಕಣೇ," ಎಂದಳು ಮಂಜುಳಾ. "ಟ್ಯಾಂಕ್ ಮೇಡಂ ಯಾವತ್ತೂ ಇದನ್ನ ಮುಟ್ಟೇ ಇಲ್ಲ. ದೂರದಿಂದ ಫಲಕ ಎತ್ತಿದ್ದೇ ಎತ್ತಿದ್ದು."

ಎಲ್ಲರೂ ನಕ್ಕರು. ಮಾತು ನಿಜವೇ. ಹನ್ನೊಂದು ವರ್ಷ ಆ ನದಿಯ ದಂಡೆಯ ಮೇಲೆ ನಿಂತಿದ್ದೆ, ಅದರೊಳಗೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಚಪ್ಪಲಿ ಬಿಟ್ಟೆ. ಸೆರಗು ಸಿಕ್ಕಿಸಿಕೊಂಡೆ. ಮಂಜುಳಾ ಗಾಬರಿಯಿಂದ ಓಡಿಬಂದು ಕೈ ಹಿಡಿದಳು. "ನಿಧಾನ ಮೇಡಂ, ಜಾರುತ್ತೆ." ಕೈ ಬಿಡಿಸಿಕೊಂಡು ಹೊಂಡವೊಂದರಲ್ಲಿ ಬಗ್ಗಿ ಒಂದು ಬೊಗಸೆ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡೆ. ಅವಳು ಮತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಬಂಡೆಯ ಹತ್ತಿರ ಹೋಗಿ, ಎರಡೂ ತೋಳು ಚಾಚಿ, ಕೆನ್ನೆ ಇಟ್ಟೆ.

ಬೆಚ್ಚಗಿತ್ತು.